ಗಂಟು ಐವರ ಕೈಯಲ್ಲಿ, ಬೀಗದಕೈ ಶೆರಿಫ್ ಸೊಂಟದಲ್ಲಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ವೆಸ್ಟ್ ಹೆಡ್ಡಿಂಗ್ ಅಂತ ಒಂದು ಬೀದಿ ಇದೆ. ಅದರ 70ನೇ ನಂಬರಿನ ಕಟ್ಟಡ ಸ್ಯಾಂಟಾ ಕ್ಲಾರಾ ಕೌಂಟಿ ಸರ್ಕಾರದ್ದು. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಅದೇ ಬೀದಿಯ 150ನೇ ನಂಬರು ಕೌಂಟಿಯ ಮೇನ್ ಜೈಲು. ಒಂದರಿಂದ ಇನ್ನೊಂದಕ್ಕೆ ಹೋಗಲು ಕಾರು ತೆಗೆಯುವ ಅಗತ್ಯವೇ ಇಲ್ಲ, ನಡೆದರೆ ಸಾಕು. ಜೈಲಿನ ಊಟ, ಔಷಧಿ, ಕಾವಲಿನವರ ಸಂಬಳ, ಒಡೆದ ಪೈಪಿನ ರಿಪೇರಿ, ಇವೆಲ್ಲಕ್ಕೂ ದುಡ್ಡು ಮಂಜೂರು ಮಾಡುವುದು 70ನೇ ನಂಬರಿನಲ್ಲಿ ಕೂರುವ ಐದು ಜನ, ಅಂದರೆ ಚುನಾಯಿತ ಸೂಪರ್‌ವೈಸರ್‌ಗಳ ಕೌಂಟಿ ಬೋರ್ಡ್. ಆದರೆ ಯಾವ ಕೈದಿ ಯಾವ ಸೆಲ್‌ನಲ್ಲಿ ಇರಬೇಕು, ಕಾವಲಿನ ಯಾವ ಡೆಪ್ಯುಟಿ ಯಾವ ಮಹಡಿಯಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಆ ಐವರ ಮಾತು ನಡೆಯುವುದಿಲ್ಲ. ಅದು ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಸಾಮ್ರಾಜ್ಯ.

ಪಕ್ಕದ ಸ್ಯಾನ್ ಮಟೇಯೊ ಕೌಂಟಿಯಲ್ಲಿ 2025ರ ಅಕ್ಟೋಬರ್ 14ರಂದು ಈ ಲೆಕ್ಕಾಚಾರ ತಲೆಕೆಳಗಾಯಿತು. ಅಲ್ಲಿನ ಐದು ಸೂಪರ್‌ವೈಸರ್‌ಗಳು ಒಮ್ಮತದಿಂದ ಕೈ ಎತ್ತಿ, ಜನರೇ ಆರಿಸಿದ್ದ ಶೆರಿಫ್ ಕ್ರಿಸ್ಟಿನಾ ಕಾರ್ಪಸ್ ಅವರನ್ನು ಕುರ್ಚಿಯಿಂದ ಇಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಒಂದು ಕೌಂಟಿ ಬೋರ್ಡ್ ಶೆರಿಫ್‌ರನ್ನು ಹೀಗೆ ತೆಗೆದುಹಾಕಿದ್ದು ಅದೇ ಮೊದಲು. ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ, ನಮ್ಮ ಜನ ಇದನ್ನು ಆಫೀಸ್ ರಾಜಕೀಯದ ಸುದ್ದಿಯ ಹಾಗೆ ಓದಿ ಮುಂದೆ ಹೋದರು. ಹೋಗಲಿ ಬಿಡಿ. ಆದರೆ ಇದರ ಕೆಳಗಿರುವ ಪ್ರಶ್ನೆ ಅವರ ಪ್ರಾಪರ್ಟಿ ಟ್ಯಾಕ್ಸ್ ಬಿಲ್‌ನಲ್ಲೂ ಇದೆ: ದುಡ್ಡು ಕೊಡುವವರಿಗೆ ಹಿಡಿತ ಎಷ್ಟು?

ಕರ್ನಾಟಕದಿಂದ ಬಂದವರಿಗೆ ಈ ಏರ್ಪಾಡು ಮೊದಲಿಗೆ ತಲೆಗೆ ಹೋಗುವುದಿಲ್ಲ. ನಮ್ಮಲ್ಲಿ ಎಸ್‌ಪಿ ಸಾಹೇಬರನ್ನು ನೇಮಿಸುವುದು ರಾಜ್ಯ ಸರ್ಕಾರ, ವರ್ಗ ಮಾಡುವುದೂ ರಾಜ್ಯ ಸರ್ಕಾರ. ಜೈಲು ಗೃಹ ಇಲಾಖೆಯದು. ಜಿಲ್ಲಾ ಪಂಚಾಯಿತಿಗೆ ಇದರಲ್ಲಿ ತಲೆ ಹಾಕುವ ಕೆಲಸವೇ ಇಲ್ಲ. ಅಮೆರಿಕದಲ್ಲಿ 3000ಕ್ಕೂ ಹೆಚ್ಚು ಕೌಂಟಿಗಳಿವೆ. ಬಹುತೇಕ ರಾಜ್ಯಗಳಲ್ಲಿ ಶೆರಿಫ್ ಅಂದರೆ ಚುನಾವಣೆಯಲ್ಲಿ ಗೆದ್ದು ಬಂದ ಪೊಲೀಸ್ ಮುಖ್ಯಸ್ಥ. ಅವರಿಗೆ ಮೇಲಧಿಕಾರಿ ಅಂತ ಯಾರೂ ಇಲ್ಲ. ಕೌಂಟಿ ಬೋರ್ಡೂ ಚುನಾಯಿತ, ಶೆರಿಫೂ ಚುನಾಯಿತ. ಒಂದೇ ಮನೆಯಲ್ಲಿ ಇಬ್ಬರು ಯಜಮಾನರು, ದುಡ್ಡಿನ ಪೆಟ್ಟಿಗೆ ಮಾತ್ರ ಒಬ್ಬರ ಹತ್ತಿರ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಇಲ್ಲಿ ಜೈಲು ಬೇರೆ, ಪ್ರಿಸನ್ ಬೇರೆ. ಪ್ರಿಸನ್ ರಾಜ್ಯದ್ದು, ದೊಡ್ಡ ಶಿಕ್ಷೆ ಆದವರಿಗೆ. ಜೈಲು ಕೌಂಟಿಯದು. ಅಲ್ಲಿರುವವರಲ್ಲಿ ಹೆಚ್ಚಿನವರಿಗೆ ಇನ್ನೂ ಶಿಕ್ಷೆಯೇ ಆಗಿರುವುದಿಲ್ಲ. ದೇಶದ ಲೆಕ್ಕದಲ್ಲಿ ಸುಮಾರು ಹತ್ತರಲ್ಲಿ ಏಳು ಜನ ವಿಚಾರಣೆಗೆ ಕಾಯುತ್ತಿರುವವರು. ನಮ್ಮ ಭಾಷೆಯಲ್ಲಿ ವಿಚಾರಣಾಧೀನ ಕೈದಿಗಳು. ಜಾಮೀನಿಗೆ ದುಡ್ಡು ಹೊಂದಿಸಲು ಆಗದವರು, ಮನೋರೋಗ ಇದ್ದು ಬೀದಿಯಲ್ಲಿ ಸಿಕ್ಕಿಬಿದ್ದವರು, ಅಮಲಿನಲ್ಲಿ ಜಗಳ ಮಾಡಿಕೊಂಡವರು ಎಲ್ಲರೂ ಇದರಲ್ಲಿ ಬಂದರು. ಮಿಲ್ಪಿಟಾಸ್‌ನ ಗ್ರೇಟ್ ಮಾಲ್‌ಗೆ ಶಾಪಿಂಗ್‌ಗೆ ಹೋಗುವ ಕನ್ನಡದ ಕುಟುಂಬಗಳು ಎಷ್ಟಿಲ್ಲ! ಆ ಮಾಲ್‌ನ ಹತ್ತಿರದಲ್ಲೇ ಎಲ್ಮ್‌ವುಡ್ ಅನ್ನುವ ದೊಡ್ಡ ಕೌಂಟಿ ಜೈಲಿದೆ. ಪಾರ್ಕಿಂಗ್ ಹುಡುಕುವ ಗಡಿಬಿಡಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾನೂನು ಏನು ಹೇಳುತ್ತದೆ? ಕ್ಯಾಲಿಫೋರ್ನಿಯಾದ ಸರ್ಕಾರಿ ಸಂಹಿತೆಯ 25303ನೇ ಸೆಕ್ಷನ್ ಈ ಜಗಳದ ಬೇರು. ಎಲ್ಲ ಕೌಂಟಿ ಅಧಿಕಾರಿಗಳ ನಡತೆಯನ್ನು ಬೋರ್ಡ್ ಮೇಲ್ವಿಚಾರಣೆ ಮಾಡಬೇಕು ಅನ್ನುತ್ತದೆ ಮೊದಲ ಮಾತು. ಶೆರಿಫ್ ನಡೆಸುವ ತನಿಖೆಗೆ ಬೋರ್ಡ್ ಅಡ್ಡಿಪಡಿಸುವಂತಿಲ್ಲ ಅನ್ನುತ್ತದೆ ಮುಂದಿನ ಮಾತು. ಇದರಿಂದ ಬೋರ್ಡಿನ ಬಜೆಟ್ ಅಧಿಕಾರಕ್ಕೇನೂ ಧಕ್ಕೆ ಇಲ್ಲ ಅಂತಲೂ ಸೇರಿಸುತ್ತದೆ. ಮೇಲ್ವಿಚಾರಣೆ ಎಲ್ಲಿ ಮುಗಿಯುತ್ತದೆ, ಅಡ್ಡಿ ಎಲ್ಲಿ ಶುರುವಾಗುತ್ತದೆ? ಈ ಗೆರೆಯನ್ನು ಶೆರಿಫ್ ಒಂದು ಕಡೆ ಎಳೆಯುತ್ತಾರೆ, ಬೋರ್ಡ್ ಇನ್ನೊಂದು ಕಡೆ. ನಡುವೆ ವಕೀಲರಿಗೆ ಕೈತುಂಬ ಕೆಲಸ. ಇದರ ಮೇಲೆ, ಜೈಲನ್ನು ನಡೆಸುವುದು ಶೆರಿಫ್ ಕೆಲಸ, ಅದರ ಖರ್ಚು ಕೌಂಟಿಯ ಹೊಣೆ ಅಂತ ಬೇರೆ ಸೆಕ್ಷನ್‌ಗಳು ಹೇಳುತ್ತವೆ.

ಈಗ ಬಜೆಟ್ಟಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಯಾಕೆಂದರೆ ಎಲ್ಲರೂ ಮೋಸ ಹೋಗುವುದು ಇಲ್ಲೇ. ಕೌಂಟಿಯ ಆರ್ಥಿಕ ವರ್ಷ ಜುಲೈ 1ಕ್ಕೆ ಶುರು. ಅದಕ್ಕೂ ಮುಂಚೆ, ಮೇ ತಿಂಗಳಲ್ಲಿ ಬಜೆಟ್ ವರ್ಕ್‌ಶಾಪ್, ಜೂನ್‌ನಲ್ಲಿ ವಿಚಾರಣೆ. ಶೆರಿಫ್ ಬಂದು ಇಷ್ಟು ಹುದ್ದೆ ಬೇಕು, ಇಷ್ಟು ವಾಹನ ಬೇಕು ಎನ್ನುತ್ತಾರೆ. ಬೋರ್ಡ್ ಕೂಡಿಸಿ ಕಳೆದು ಮಂಜೂರು ಮಾಡುತ್ತದೆ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಜೈಲಿನಲ್ಲಿ ಮನೋರೋಗಿಗಳಿರುವ ಮಹಡಿಗೆ ಅಂತಲೇ ಬೋರ್ಡ್ 20 ಡೆಪ್ಯುಟಿ ಹುದ್ದೆ ಕೊಟ್ಟಿತು ಅನ್ನೋಣ. ಅದರಲ್ಲಿ 8 ಭರ್ತಿಯಾಗಲೇ ಇಲ್ಲ. ಆ ಎಂಟು ಜನರ ಸಂಬಳ ಉಳಿಯಿತು. ಉಳಿದದ್ದು ಎಲ್ಲಿ ಹೋಯಿತು? ಇದ್ದವರ ಓವರ್‌ಟೈಮ್‌ಗೆ. ಆ 12 ಜನರಲ್ಲಿ ಮೂವರನ್ನು ಶೆರಿಫ್ ಇನ್ನೊಂದು ಕಡೆಗೆ ಹಾಕಿದರು. ಬೋರ್ಡ್ ಕೇಳಿದರೆ, ಯಾರನ್ನು ಎಲ್ಲಿ ಹಾಕಬೇಕು ಅನ್ನುವುದು ನನ್ನ ಕೆಲಸ ಎನ್ನುತ್ತಾರೆ. ಕಾನೂನಿನ ಪ್ರಕಾರ ಅದು ಸುಳ್ಳೂ ಅಲ್ಲ.

ಆಮೇಲೆ ಬೇಸಿಗೆ ಬರುವಷ್ಟರಲ್ಲಿ ಓವರ್‌ಟೈಮ್ ಲೆಕ್ಕ ಮೀರಿರುತ್ತದೆ. ಶೆರಿಫ್ ಮತ್ತೆ ಬೋರ್ಡಿನ ಮುಂದೆ. ವರ್ಷದ ನಡುವೆ ಹೊಸ ದುಡ್ಡು ಸೇರಿಸಬೇಕಾದರೆ ಐವರಲ್ಲಿ ನಾಲ್ವರು ಒಪ್ಪಬೇಕು. ಕಾಗದದ ಮೇಲೆ ಇದು ಗಟ್ಟಿ ಬೇಲಿ. ನಿಜದಲ್ಲಿ ಏನು ಮಾಡಲು ಸಾಧ್ಯ? ದುಡ್ಡಿಲ್ಲ, ಜೈಲಿಗೆ ಬೀಗ ಹಾಕಿ ಅನ್ನಲು ಆಗುತ್ತದೆಯೇ? ಒಳಗೆ ಜನ ಇದ್ದಾರಲ್ಲ. ಕನಿಷ್ಠ ಸಿಬ್ಬಂದಿ ಇರಲೇಬೇಕು ಅಂತ ರಾಜ್ಯದ ನಿಯಮ ಇದೆ. ಕೊನೆಗೆ ಸಹಿ ಬೀಳುತ್ತದೆ.

ಹಾಗಾದರೆ ಅನುದಾನ ಕತ್ತರಿಸಿ ಪಾಠ ಕಲಿಸಬಹುದಲ್ವಾ ಅಂತ ಕೇಳುವವರಿದ್ದಾರೆ. 2020ರ ಬೇಸಿಗೆಯಲ್ಲಿ ದೇಶದ ತುಂಬ ಇದೇ ಕೂಗು ಇತ್ತು. ನನಗೆ ಇದರಲ್ಲಿ ನಂಬಿಕೆ ಇಲ್ಲ. ಶೆರಿಫ್ ಇಲಾಖೆಯ ದುಡ್ಡು ಕಡಿದರೆ ಮೊದಲು ಹೋಗುವುದು ಕೈದಿಗಳ ಕಂಪ್ಯೂಟರ್ ಕ್ಲಾಸು, ಸೆಲ್‌ನಿಂದ ಹೊರಗೆ ಬಿಡುವ ಹೊತ್ತು, ಮನೆಯವರು ಬಂದು ನೋಡುವ ಸಮಯ. ಇವಕ್ಕೆಲ್ಲ ಕಾವಲಿನವರು ಬೇಕು, ಕಾವಲಿನವರು ಕಮ್ಮಿ ಆದರೆ ಇವೇ ಮೊದಲು ನಿಲ್ಲುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಶೆರಿಫ್‌ಗೆ ಬುದ್ಧಿ ಹೇಳಲು ಹೋಗಿ ಬರೆ ಬೀಳುವುದು ಕೈದಿಯ ಬೆನ್ನಿಗೆ.

ಸ್ಯಾಂಟಾ ಕ್ಲಾರಾ ಕೌಂಟಿಯ ಕಥೆಯನ್ನೇ ನೋಡಿ. 1980ರ ದಶಕದ ಕೊನೆಗೆ ಇಲ್ಲಿನ ಬೋರ್ಡ್ ಒಂದು ಧೈರ್ಯದ ಕೆಲಸ ಮಾಡಿತ್ತು. ಕಿಕ್ಕಿರಿದ ಜೈಲು, ಏರುತ್ತಿದ್ದ ಖರ್ಚು ನೋಡಿ, ಜೈಲುಗಳನ್ನು ಶೆರಿಫ್ ಕೈಯಿಂದ ತೆಗೆದು, ತಾನೇ ನೇಮಿಸಿದ ನಿರ್ದೇಶಕರ ಕೆಳಗೆ ಪ್ರತ್ಯೇಕ ಇಲಾಖೆ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಮಾಡಿದವರು ತುಂಬ ಕಮ್ಮಿ. ಆದರೆ 2010ರಲ್ಲಿ ಜೈಲಿನ ಉಸ್ತುವಾರಿ ಮತ್ತೆ ಶೆರಿಫ್ ಕೈಗೆ ಹೋಯಿತು. ಆಗ ಆ ಕುರ್ಚಿಯಲ್ಲಿದ್ದವರು ಲಾರಿ ಸ್ಮಿತ್. 1998ರಲ್ಲಿ ಗೆದ್ದು, ಕ್ಯಾಲಿಫೋರ್ನಿಯಾದಲ್ಲಿ ಶೆರಿಫ್ ಆಗಿ ಆರಿಸಿ ಬಂದ ಮೊದಲ ಮಹಿಳೆ ಅನ್ನಿಸಿಕೊಂಡವರು.

2015ರ ಆಗಸ್ಟ್‌ನಲ್ಲಿ ಮೇನ್ ಜೈಲಿನಲ್ಲಿ ಒಂದು ಸಾವು ಸಂಭವಿಸಿತು. ಸತ್ತವನು ಮನೋರೋಗಿ. ಚಿಕಿತ್ಸಾ ಕೇಂದ್ರದಲ್ಲಿ ಹಾಸಿಗೆ ಸಿಗಲಿ ಅಂತ ಜೈಲಿನಲ್ಲೇ ಕಾಯುತ್ತಿದ್ದ. ಹೊಡೆತಕ್ಕೆ ಸತ್ತ. ಮೂವರು ಜೈಲು ಡೆಪ್ಯುಟಿಗಳನ್ನು 2017ರಲ್ಲಿ ಜ್ಯೂರಿ ಕೊಲೆ ತಪ್ಪಿತಸ್ಥರು ಎಂದಿತು. ಮುಂದೆ ರಾಜ್ಯದ ಕಾನೂನು ಬದಲಾಗಿ ಆ ತೀರ್ಪು ಮೇಲ್ಮನವಿಯಲ್ಲಿ ನಿಲ್ಲಲಿಲ್ಲ. ಅವನ ಕುಟುಂಬಕ್ಕೆ ಕೌಂಟಿ 36 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. 2018ರಲ್ಲಿ ಇನ್ನೊಬ್ಬ ಮನೋರೋಗಿಯನ್ನು ಎಲ್ಮ್‌ವುಡ್‌ನಿಂದ ಮೇನ್ ಜೈಲಿಗೆ ವ್ಯಾನ್‌ನಲ್ಲಿ ತರುವಾಗ ಅವನು ತಲೆಗೆ ಭಾರಿ ಪೆಟ್ಟು ಮಾಡಿಕೊಂಡ. ತಕ್ಷಣ ಯಾರೂ ನೋಡಲಿಲ್ಲ ಅನ್ನುವುದು ಕುಟುಂಬದ ದೂರು. ಕೌಂಟಿ 1 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿತು.

ಈ ಎರಡು ಅಂಕಿಗಳ ಹತ್ತಿರ ಒಂದು ಕ್ಷಣ ನಿಲ್ಲಿ. ಜೈಲು ನಡೆಸುವುದು ಶೆರಿಫ್, ತಪ್ಪಾದರೆ ದಂಡ ಕಟ್ಟುವುದು ಕೌಂಟಿ. ಅಂದರೆ ಆಸ್ಪತ್ರೆ, ಲೈಬ್ರರಿ, ಪಾರ್ಕುಗಳಿಗೆ ಹೋಗಬೇಕಾದ ಅದೇ ದೊಡ್ಡ ಗಂಟು. ಮಾಡುವವನು ಒಬ್ಬ, ತೆರುವವನು ಇನ್ನೊಬ್ಬ. ಪರಿಹಾರದ ದುಡ್ಡು ಶೆರಿಫ್ ಇಲಾಖೆಯ ಸ್ವಂತ ಬಜೆಟ್ಟಿನಿಂದಲೇ ಹೋಗಬೇಕು ಅಂತ ನಿಯಮ ಮಾಡಿದರೆ ಏನಾಗಬಹುದು ಅಂತ ಹಲವರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಆದರೆ ಅಲ್ಲೂ ಎಮ್ಮೆಯ ಕಥೆಯೇ. ಆ ಬಜೆಟ್ಟಿನಲ್ಲಿ ಕಮ್ಮಿ ಬಿದ್ದದ್ದನ್ನು ಮತ್ತೆ ತುಂಬಿಸಿಕೊಡಬೇಕಾದವರು ಇದೇ ಐವರು.

ಬೋರ್ಡ್ ಸುಮ್ನೆ ಕೂತಿರಲಿಲ್ಲ ಅನ್ನಿ. ಸಾವಿನ ನಂತರ ತಜ್ಞರ ಆಯೋಗ ಮಾಡಿತು. 2018ರಲ್ಲಿ ಜೈಲು ಮತ್ತು ಶೆರಿಫ್ ಇಲಾಖೆಯ ಮೇಲೆ ಕಣ್ಣಿಡುವ ಸ್ವತಂತ್ರ ಕಚೇರಿಗೆ ಮಂಜೂರಾತಿ ಕೊಟ್ಟಿತು. ಕಣ್ಣಿಡಲು ಕಾಗದ ಪತ್ರ ಬೇಕಲ್ಲ? ಅದು ಶೆರಿಫ್ ಬೀರುವಿನಲ್ಲಿ. ಅಲ್ಲಿಂದ ಶುರುವಾದ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆಯಿತು. 2021ರ ಆಗಸ್ಟ್‌ನಲ್ಲಿ ಬೋರ್ಡ್ ಶೆರಿಫ್ ವಿರುದ್ಧ ಅವಿಶ್ವಾಸ ನಿರ್ಣಯ ಪಾಸು ಮಾಡಿತು. ನಮ್ಮಲ್ಲಿ ಅವಿಶ್ವಾಸ ಗೆದ್ದರೆ ಮುಖ್ಯಮಂತ್ರಿ ಮನೆಗೆ ಹೋಗಬೇಕು. ಇಲ್ಲಿ ಶೆರಿಫ್ ಮರುದಿನ ಎಂದಿನಂತೆ ಆಫೀಸಿಗೆ ಹೋದರೂ ಕೇಳುವವರಿಲ್ಲ. ಅದು ಕಾಗದದ ಮೇಲಿನ ಬೇಸರ, ಅಷ್ಟೇ.

ಕೊನೆಗೆ ಪಟ್ಟು ಹಿಡಿದದ್ದು ಬೋರ್ಡ್ ಅಲ್ಲ, ಸಿವಿಲ್ ಗ್ರ್ಯಾಂಡ್ ಜ್ಯೂರಿ. ಇದು ನನಗೆ ತುಂಬ ಇಷ್ಟವಾದ ಸಂಸ್ಥೆ. ಪ್ರತಿ ಕೌಂಟಿಯಲ್ಲೂ ಒಂದು ವರ್ಷದ ಮಟ್ಟಿಗೆ ಸಾಮಾನ್ಯ ನಾಗರಿಕರನ್ನು ಸೇರಿಸಿ ಕಟ್ಟುವ ತಂಡ, ಸ್ಯಾಂಟಾ ಕ್ಲಾರಾದಲ್ಲಿ 19 ಜನ. ನಿವೃತ್ತ ಮೇಷ್ಟ್ರು, ಎಂಜಿನಿಯರು, ಅಂಗಡಿ ಇಟ್ಟುಕೊಂಡವರು ಯಾರೂ ಇರಬಹುದು. ಕೌಂಟಿಯ ಸೆರೆಮನೆಗಳ ಸ್ಥಿತಿಗತಿ ವಿಚಾರಿಸುವುದು ಕಾನೂನು ಅವರ ಮೇಲೆ ಹೊರಿಸಿರುವ ಕರ್ತವ್ಯ. 2021ರ ಡಿಸೆಂಬರ್‌ನಲ್ಲಿ ಈ ತಂಡ ಲಾರಿ ಸ್ಮಿತ್ ಮೇಲೆ ಆರೋಪಪಟ್ಟಿ ಹೊರಿಸಿತು. ಬಂದೂಕು ಇಟ್ಟುಕೊಳ್ಳುವ ಪರ್ಮಿಟ್‌ಗಳನ್ನು ತಮಗೆ ಬೇಕಾದವರಿಗೆ ಕೊಟ್ಟರು ಅನ್ನುವುದು ಮುಖ್ಯ ಆರೋಪ. ಮೇಲ್ವಿಚಾರಣಾ ಕಚೇರಿಗೆ ಸಹಕರಿಸಲಿಲ್ಲ ಅನ್ನುವುದೂ ಪಟ್ಟಿಯಲ್ಲಿತ್ತು. 2022ರ ಅಕ್ಟೋಬರ್ ಕೊನೆಗೆ, ವಿಚಾರಣೆ ಮುಗಿದು ತೀರ್ಪು ಹೊರಬೀಳುವ ಮುಂಚೆಯೇ, ಅವರು ಹುದ್ದೆ ಬಿಟ್ಟರು. ಕೆಲವೇ ದಿನದಲ್ಲಿ ಪರ್ಮಿಟ್ ವಿಚಾರದಲ್ಲಿ ಕೋರ್ಟಿನ ಜ್ಯೂರಿ ಅವರನ್ನು ತಪ್ಪಿತಸ್ಥೆ ಎಂದಿತು.

ಈ ಅನುಭವದಿಂದ ನನಗೆ ಅನಿಸುವುದು ಇಷ್ಟು. ಶೆರಿಫ್ ಮೇಲೆ ಹಿಡಿತ ಬರುವುದು ದುಡ್ಡಿನಿಂದಲ್ಲ, ಮಾಹಿತಿಯಿಂದ. ಇದನ್ನು ರಾಜ್ಯ ಶಾಸನಸಭೆ ತಡವಾಗಿಯಾದರೂ ಅರ್ಥ ಮಾಡಿಕೊಂಡಿತು. 2020ರಲ್ಲಿ ಪಾಸಾಗಿ 2021ರ ಜನವರಿಯಿಂದ ಜಾರಿಗೆ ಬಂದ ಎಬಿ 1185 ಕಾನೂನು, ಶೆರಿಫ್ ಮೇಲೆ ನಿಗಾ ಇಡುವ ಸಮಿತಿ ಅಥವಾ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಮಾಡಿಕೊಳ್ಳಲು ಕೌಂಟಿಗಳಿಗೆ ಅವಕಾಶ ಕೊಟ್ಟಿತು. ಜೊತೆಗೆ ಸಬ್‌ಪೀನಾ ಅಧಿಕಾರ. ನಮ್ಮಲ್ಲಿ ಸಮನ್ಸ್ ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಬಾ ಅಂದರೆ ಬರಬೇಕು, ಕಡತ ತಾ ಅಂದರೆ ತರಬೇಕು. ಲಾಸ್ ಏಂಜಲೀಸ್ ಕೌಂಟಿಯ ಮತದಾರರು ಅದೇ 2020ರ ಮಾರ್ಚ್‌ನಲ್ಲೇ ಮೆಷರ್ ಆರ್ ಅನ್ನುವ, ಮತಕ್ಕೆ ಹಾಕಿದ ಪ್ರಸ್ತಾವದ ಮೂಲಕ ತಮ್ಮ ನಾಗರಿಕ ಆಯೋಗಕ್ಕೆ ಈ ಅಧಿಕಾರ ಕೊಟ್ಟಿದ್ದರು. ಆಗಿನ ಶೆರಿಫ್ ಅಲೆಕ್ಸ್ ವಿಯಾನುಯೆವಾ ಅದಕ್ಕೂ ಬಗ್ಗಲಿಲ್ಲ. ವಿಷಯ ಕೋರ್ಟ್ ಮೆಟ್ಟಿಲೇರಿತು. 2022ರ ನವೆಂಬರ್‌ನಲ್ಲಿ ಜನ ಅವರನ್ನು ಸೋಲಿಸಿದರು. ಅದೇ ಮತಪತ್ರದಲ್ಲಿ, ಐವರಲ್ಲಿ ನಾಲ್ವರು ಒಪ್ಪಿದರೆ ತಕ್ಕ ಕಾರಣ ಕೊಟ್ಟು ಶೆರಿಫ್‌ರನ್ನು ತೆಗೆಯುವ ಅಧಿಕಾರವನ್ನು ಬೋರ್ಡಿಗೆ ಕೊಟ್ಟರು.

ಸ್ಯಾನ್ ಮಟೇಯೊ ಹಿಡಿದದ್ದು ಇದೇ ದಾರಿ. ಕಾರ್ಪಸ್ 2022ರಲ್ಲಿ ಸುಧಾರಣೆಯ ಮಾತು ಹೇಳಿಕೊಂಡು ಹಾಲಿ ಶೆರಿಫ್‌ರನ್ನು ಸೋಲಿಸಿ ಬಂದವರು. 2024ರ ನವೆಂಬರ್‌ನಲ್ಲಿ ನಿವೃತ್ತ ನ್ಯಾಯಾಧೀಶೆ ಲಡೋರಿಸ್ ಕಾರ್ಡೆಲ್ ಅವರ 400 ಪುಟ ದಾಟಿದ ವರದಿ ಹೊರಬಂತು. ಕಚೇರಿಯ ಆಡಳಿತದಲ್ಲಿ ಗಂಭೀರ ದೋಷಗಳಿವೆ, ಶೆರಿಫ್ ರಾಜೀನಾಮೆ ಕೊಡಬೇಕು ಎಂದಿತು ವರದಿ. ಅವರು ಕೊಡಲಿಲ್ಲ, ಆರೋಪಗಳನ್ನು ಒಪ್ಪಲೂ ಇಲ್ಲ. ಮುಂದಿನ ಚುನಾವಣೆಗೆ ಕಾಯೋಣ ಅಂದರೆ ಅದು 2028ರಲ್ಲಿ. ಶೆರಿಫ್ ಚುನಾವಣೆಯನ್ನು ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಜೋಡಿಸಲು ರಾಜ್ಯ ಕಾನೂನು ಬದಲಿಸಿದ್ದರಿಂದ, 2022ರಲ್ಲಿ ಗೆದ್ದವರಿಗೆ ನಾಲ್ಕರ ಬದಲು ಆರು ವರ್ಷ ಸಿಕ್ಕಿತ್ತು. ಒಳ್ಳೆ ಉದ್ದೇಶದ ಬದಲಾವಣೆಯೇ, ಆದರೆ ಇಲ್ಲಿ ಅದೇ ಕುತ್ತಿಗೆಗೆ ಬಂತು. ಹಾಗಾಗಿ 2025ರ ಮಾರ್ಚ್ 4ರಂದು ವಿಶೇಷ ಚುನಾವಣೆ. ಶೆರಿಫ್‌ರನ್ನು ತೆಗೆಯುವ ಅಧಿಕಾರವನ್ನು ಬೋರ್ಡಿಗೆ ಕೊಡೋಣವೇ ಅನ್ನುವ ಪ್ರಶ್ನೆಗೆ ಮತ ಹಾಕಿದವರಲ್ಲಿ ಸುಮಾರು 84 ಶೇಕಡಾ ಜನ ಹೌದು ಎಂದರು. ಈ ಅಧಿಕಾರಕ್ಕೂ ಒಂದು ಗಡುವಿದೆ, 2028ರ ಕೊನೆಗೆ ಅದು ಮುಗಿಯುತ್ತದೆ.

ಇದು ಬೋರ್ಡಿಗೆ ಸಿಕ್ಕ ಬ್ರಹ್ಮಾಸ್ತ್ರ. ಅದಕ್ಕೇ ಸ್ವಲ್ಪ ಹೆದರಿಕೆಯೂ ಆಗುತ್ತದೆ. ಲಕ್ಷಾಂತರ ಜನ ಆರಿಸಿದವರನ್ನು ನಾಲ್ಕು ಜನ ತೆಗೆಯಬಹುದಾದರೆ, ಬೋರ್ಡಿನವರ ದೊಡ್ಡ ದಾನಿಯ ಮೇಲೆ ಶೆರಿಫ್ ತನಿಖೆ ಮಾಡುವ ದಿನ ಏನಾಗುತ್ತದೆ? ಸ್ಯಾನ್ ಮಟೇಯೊದಲ್ಲಿ ವಿಚಾರಣೆ, ಮೇಲ್ಮನವಿ, ಸಾಕ್ಷಿ ಎಲ್ಲ ಹಂತಗಳನ್ನೂ ಇಟ್ಟಿದ್ದರು, ತಿಂಗಳುಗಟ್ಟಲೆ ಹಿಡಿಯಿತು. ಮುಂದೆ ಇದನ್ನು ನಕಲು ಮಾಡುವ ಕೌಂಟಿಗಳು ಅಷ್ಟು ತಾಳ್ಮೆ ತೋರಿಸುತ್ತವೆಯೋ ಇಲ್ಲವೋ.

ದುಡ್ಡಿನ ಕಥೆಯಲ್ಲಿ ಬೋರ್ಡಿನ ಕೈಗೆ ಸಿಗದ ಹಣವೂ ಇದೆ. ರಾಜ್ಯದ ಪ್ರಿಸನ್‌ಗಳು ತುಂಬಿ ತುಳುಕಿ, ಜನರನ್ನು ಕಮ್ಮಿ ಮಾಡಿ ಅಂತ ಕೋರ್ಟುಗಳು ಪಟ್ಟು ಹಿಡಿದಾಗ, 2011ರಲ್ಲಿ ಕ್ಯಾಲಿಫೋರ್ನಿಯಾ ಎಬಿ 109 ಅನ್ನುವ ಕಾನೂನು ತಂದು, ಮುಂದೆ ಸಣ್ಣ ಅಪರಾಧಗಳಿಗೆ ಶಿಕ್ಷೆ ಆಗುವವರನ್ನು ಕೌಂಟಿ ಜೈಲುಗಳಿಗೇ ಕಳಿಸುವ ಹಾಗೆ ಮಾಡಿತು. ಜೊತೆಗೆ ದುಡ್ಡನ್ನೂ ಕೊಡುತ್ತಿದೆ. ಅದನ್ನು ಖರ್ಚು ಮಾಡುವ ಯೋಜನೆ ಬರೆಯುವುದು ಪ್ರೊಬೇಷನ್ (ಅಪರಾಧಿಗಳನ್ನು ಹೊರಗೆ ಬಿಟ್ಟು ನಿಗಾ ಇಡುವ ಇಲಾಖೆ) ಮುಖ್ಯಸ್ಥರು, ಶೆರಿಫ್, ಸರ್ಕಾರಿ ವಕೀಲರು ಮೊದಲಾದವರ ಸಮಿತಿ. ಬೋರ್ಡ್‌ನಲ್ಲಿ ಐವರಲ್ಲಿ ನಾಲ್ವರು ಬೇಡ ಅನ್ನದಿದ್ದರೆ ಯೋಜನೆ ಪಾಸಾದ ಹಾಗೆಯೇ. ಮಾಮೂಲಿ ಪದ್ಧತಿಗೆ ಇದು ಪೂರ್ತಿ ಉಲ್ಟಾ.

ಇನ್ನೊಂದು ಚಿಕ್ಕ ಗಂಟು ನೋಡಿ. ಜೈಲಿನೊಳಗೆ ಒಂದು ಕ್ಯಾಂಟೀನ್ ಅಂಗಡಿ ಇರುತ್ತದೆ. ನೂಡಲ್ಸ್ ಪ್ಯಾಕೆಟ್ಟು, ಸೋಪು, ಟೂತ್‌ಪೇಸ್ಟು. ಹೊರಗಿರುವ ಅಮ್ಮನೋ ಹೆಂಡತಿಯೋ ಕೈದಿಯ ಖಾತೆಗೆ ಹತ್ತಿಪ್ಪತ್ತು ಡಾಲರ್ ಹಾಕುತ್ತಾರೆ, ಅವನು ಅದರಲ್ಲಿ ಕೊಳ್ಳುತ್ತಾನೆ. ಆ ಮಾರಾಟದ ಲಾಭ ಕೈದಿಗಳ ಕಲ್ಯಾಣ ನಿಧಿಗೆ ಹೋಗುತ್ತದೆ. ಆ ನಿಧಿಯನ್ನು ಖರ್ಚು ಮಾಡುವುದು ಶೆರಿಫ್. ಬೋರ್ಡಿಗೆ ಸಿಗುವುದು ವರ್ಷಕ್ಕೊಂದು ಖರ್ಚಿನ ಪಟ್ಟಿ. ನನ್ನನ್ನು ಕೇಳಿದರೆ, ಕೌಂಟಿಯ ಸಾವಿರಾರು ಪುಟಗಳ ಕಾಗದದಲ್ಲಿ ಮೊದಲು ಓದಬೇಕಾದ್ದು ಆ ಪಟ್ಟಿ. ದೊಡ್ಡ ಬಜೆಟ್ಟಿನಲ್ಲಿ ಎಲ್ಲವೂ ಕೋಟಿಗಳಲ್ಲಿ ಕರಗಿಹೋಗುತ್ತದೆ. ಇಲ್ಲಿ ಬಡವರ ಮನೆಯ ಹತ್ತು ಡಾಲರ್ ಪುಸ್ತಕವಾಯಿತೋ, ಸಿಬ್ಬಂದಿಯ ಸಂಬಳವಾಯಿತೋ ಕಣ್ಣಿಗೆ ಕಾಣುತ್ತದೆ.

ಈಗ ಒತ್ತಡ ಇನ್ನೂ ಜಾಸ್ತಿ ಆಗುತ್ತಿದೆ. 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 36, ಕಳ್ಳತನ ಮತ್ತು ಡ್ರಗ್ಸ್ ಕೇಸುಗಳ ಶಿಕ್ಷೆ ಬಿಗಿ ಮಾಡಿತು. ಜೈಲಿಗೆ ಬರುವವರು ಹೆಚ್ಚುತ್ತಾರೆ, ಆದರೆ ಆ ಕಾನೂನಿನ ಜೊತೆ ಕೌಂಟಿಗಳಿಗೆ ಹೊಸ ದುಡ್ಡು ಕಟ್ಟಿಕೊಡಲಿಲ್ಲ. ಇನ್ನೊಂದು ಕಡೆ ಆರೋಗ್ಯದ ಖರ್ಚು. ಜೈಲಿನ ಒಳಗೆ ಕಾಲಿಟ್ಟ ಮೇಲೆ ಬಡವರ ಆರೋಗ್ಯ ವಿಮೆಗೆ ಫೆಡರಲ್ ಸರ್ಕಾರ ದುಡ್ಡು ಕೊಡುವುದಿಲ್ಲ. 1965ರಿಂದಲೂ ಹೀಗೇ. ಇನ್ಸುಲಿನ್‌ನಿಂದ ಹಿಡಿದು ಮನೋರೋಗದ ಮಾತ್ರೆಯ ತನಕ ಕೌಂಟಿಯೇ ಭರಿಸಬೇಕು. 2023ರಲ್ಲಿ ಕ್ಯಾಲಿಫೋರ್ನಿಯಾ ದೇಶದಲ್ಲೇ ಮೊದಲಿಗೆ ಇದಕ್ಕೊಂದು ಸಣ್ಣ ಕಿಂಡಿ ಕೊರೆಯಿತು: ಬಿಡುಗಡೆಗೆ ಮುಂಚಿನ 90 ದಿನಗಳಲ್ಲಿ ಕೆಲವು ಸೇವೆಗಳಿಗೆ ವಿಮೆಯ ದುಡ್ಡು ಬರಬಹುದು. ಆದರೆ 2025ರಲ್ಲಿ ಫೆಡರಲ್ ಸರ್ಕಾರ ಆ ವಿಮೆಯ ಅನುದಾನಕ್ಕೇ ಕತ್ತರಿ ಹಾಕಿತು. ಆ ಹೊಡೆತ ತಡೆಯಲು ಸ್ಯಾಂಟಾ ಕ್ಲಾರಾ ಕೌಂಟಿ ನವೆಂಬರ್‌ನಲ್ಲಿ ಜನರನ್ನೇ ಕೇಳಿ ಸೇಲ್ಸ್ ಟ್ಯಾಕ್ಸ್ ಏರಿಸಿಕೊಂಡಿತು. ಆಸ್ಪತ್ರೆಗೆ ದುಡ್ಡು ಸಾಲದ ವರ್ಷದಲ್ಲಿ ಜೈಲಿನ ಓವರ್‌ಟೈಮ್ ಬಿಲ್ ಬಂದರೆ, ಐವರ ಮುಖ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ.

ಕೂಪರ್ಟಿನೊ, ಸಾರಟೋಗಾದಲ್ಲಿ ಮನೆ ಮಾಡಿದವರಿಗೆ ಇದರಲ್ಲಿ ಇನ್ನೊಂದು ಎಳೆಯಿದೆ. ಆ ಊರುಗಳಿಗೆ ಸ್ವಂತ ಪೊಲೀಸ್ ಇಲ್ಲ. ಕೌಂಟಿ ಶೆರಿಫ್ ಜೊತೆ ಕಾಂಟ್ರಾಕ್ಟ್. ರಾತ್ರಿ ಬೀದಿಯಲ್ಲಿ ಗಸ್ತು ತಿರುಗುವ ಕಾರು ಶೆರಿಫ್‌ದು, ಅದಕ್ಕೆ ಬಿಲ್ ಕಟ್ಟುವುದು ಊರಿನ ಸಿಟಿ ಕೌನ್ಸಿಲ್. ಕಾಂಟ್ರಾಕ್ಟ್ ಇಷ್ಟವಾಗದಿದ್ದರೆ ಸಿಟಿಗೆ ಬೇರೆ ದಾರಿ ಹುಡುಕುವ ಸ್ವಾತಂತ್ರ್ಯ ಇದೆ. ಹೆಡ್ಡಿಂಗ್ ಸ್ಟ್ರೀಟಿನ ಐವರಿಗೆ ಅದೂ ಇಲ್ಲ. ಅವರ ಬಜೆಟ್ ವರ್ಕ್‌ಶಾಪ್ ಪ್ರತಿ ವರ್ಷ ಮೇ ತಿಂಗಳಲ್ಲಿ. ಅಲ್ಲಿ ಯಾರು ಬೇಕಾದರೂ ಮೈಕ್ ಮುಂದೆ ನಿಂತು ಮಾತಾಡಬಹುದು. ಸಾಮಾನ್ಯವಾಗಿ ಒಂದೆರಡು ನಿಮಿಷ ಕೊಡುತ್ತಾರೆ. ಕಲ್ಯಾಣ ನಿಧಿಯ ಪಟ್ಟಿ ಎಲ್ಲಿ ಸಿಗುತ್ತದೆ ಅಂತ ಕೇಳಲು ಅಷ್ಟು ಹೊತ್ತು ಸಾಕು.